ಲುಂಗ್‌ಮಾರ್ ದೊಡ್ಡಿಯ ಬಡಗಣ ಮೂಲೆ

ಸ್ಪಾಂಗ್‌ಚೆನ್ ಬೀಡು
4 ಸೆಪ್ಟೆಂಬರ್ 1997

ಲೇಹ್ ಪಟ್ಟಣದ ದೊಡ್ಡ ಮನುಷ್ಯರಾದ ಗುಮಾಸ್ತ ಗ್ಯಾಲ್ಸನ್ ಸಾಹೇಬರಿಗೆ, ಮೇಕೆ ಕಾಯುವ ಅಕ್ಕ ಕುನ್‌ಜೆಸ್‌ಳ ಜೂಲೇ.

ಹುಷಾರಾಗಿದ್ದೀಯಾ ಎಂದು ಕೇಳುವುದಿಲ್ಲ. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಬೆನ್ನು ಕಾಯಿಸಿಕೊಳ್ಳುವವರಿಗೆ ಏನಾಗುತ್ತದೆ?

ಮೊನ್ನೆ ಜೀಪಿನಲ್ಲಿ ಇಬ್ಬರು ಬಂದಿದ್ದರು. ಗೋಬಾ ಸ್ಟೋಬ್ದನ್ ತಾತ ಬೀಡಿನ ಹಿರಿತನ ಹೊತ್ತವನಲ್ಲವೇ, ಎಲ್ಲರನ್ನೂ ತನ್ನ ಗುಡಾರಕ್ಕೆ ಕರೆಸಿದ. ಬಂದವರು ಒಂದು ಹುಕುಂ ಓದಿದರು. ಚುನಾಕ್ ಹಳ್ಳದ ಆಚೆಗಿರುವ ಲುಂಗ್‌ಮಾರ್ ಹುಲ್ಲುಗಾವಲನ್ನು ನಮ್ಮ ಬೀಡಿನವರು ಎಂದೂ ಬಳಸಿಲ್ಲವಂತೆ. ಹಾಗೆಂದು ನಾವೇ 1983ರಲ್ಲಿ ಹೇಳಿಕೆ ಕೊಟ್ಟಿದ್ದೇವಂತೆ. ಗಡಿಯ ಹತ್ತಿರ ಸುಮ್ಮನೆ ಗಲಾಟೆ ಬೇಡ, ಈ ಚಳಿಗಾಲದಿಂದ ಯಾರೂ ಹಳ್ಳ ದಾಟಕೂಡದು ಅಂತೆ. ಕೊನೆಯಲ್ಲಿ ನಮ್ಮ ಅಕ್ಷರದಲ್ಲಿ ಒಂದು ಹೆಸರಿತ್ತು. ಗೋಬಾ ಕಣ್ಣು ಕಿರಿದು ಮಾಡಿಕೊಂಡು ಓದಿದ: ಆ ಹೇಳಿಕೆಯ ಭಾಷಾಂತರ ಮಾಡಿದವರು, ಗ್ಯಾಲ್ಸನ್.

ಗುಡಾರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಿನ್ನನ್ನು ಶಾಲೆಗೆ ಕಳಿಸಲೆಂದು ನಮ್ಮ ಮನೆಯ ಪಾಲಿನ ಕೆಲಸವನ್ನೂ ಒಂಬತ್ತು ವರ್ಷ ಮಾಡಿದವರು ಅವರು. ನಾನು ಚಹಾ ಬಟ್ಟಲಿನೊಳಗೆ ಮುಖ ಇಟ್ಟುಕೊಂಡು ಕೂತೆ.

ಲುಂಗ್‌ಮಾರ್ ಎಂದರೇನೆಂದು ನಿನಗೆ ಮರೆತಿರಬಹುದು. ಅಲ್ಲಿ ಗಾಳಿ ಹಿಮವನ್ನು ನಿಲ್ಲಗೊಡುವುದಿಲ್ಲ. ಇಲ್ಲಿ ಮೊಣಕಾಲುದ್ದ ಹಿಮ ಬಿದ್ದಾಗಲೂ ಅಲ್ಲಿ ಹುಲ್ಲಿನ ತುದಿ ಕಾಣುತ್ತಿರುತ್ತದೆ. ಡಿಸೆಂಬರಿನಲ್ಲಿ ಹಳ್ಳ ಹೆಪ್ಪುಗಟ್ಟಿದ ಮೇಲೆ ನಾವು ದಾಟದಿದ್ದರೆ ನನ್ನ ಇನ್ನೂರ ನಲವತ್ತು ಮೇಕೆಗಳಲ್ಲಿ ಫೆಬ್ರವರಿಗೆ ಒಂದೂ ಉಳಿಯುವುದಿಲ್ಲ. ಆಮೇಲೆ ನಾನೂ ನಿನ್ನ ಪಟ್ಟಣದ ಅಂಚಿಗೆ ಬಂದು ರಸ್ತೆಗೆ ಜಲ್ಲಿ ಒಡೆಯಬೇಕು. ನೀನು ಆ ರಸ್ತೆಯ ಮೇಲೆ ಬೂಟು ಹಾಕಿಕೊಂಡು ಕಚೇರಿಗೆ ಹೋಗಬಹುದು.

ಎರಡು ದೇಶಗಳಂತೆ, ಎರಡೂ ಭಾರಿ ದೊಡ್ಡವಂತೆ. ಈ ತುದಿಯಿಂದ ಆ ತುದಿಗೆ ಹೋಗಲು ರೈಲಿನಲ್ಲಿ ನಾಲ್ಕು ದಿನ ಬೇಕೆಂದು ನೀನೇ ಹೇಳಿದ್ದೆ. ಅಷ್ಟು ನೆಲ ಸಾಲದೆ ನನ್ನ ಮೇಕೆಗಳ ಬಾಯಿಯೊಳಗಿನ ಹುಲ್ಲಿಗೆ ಜಗಳ! ಇಬ್ಬರಿಗೂ ಹುಲ್ಲು ತಿನ್ನಲು ಬಾರದು. ನಾಚಿಕೆಯೂ ಬಾರದು.

ಆ ಕಚೇರಿಗೆ ಹೋಗಿ, ಸುಳ್ಳು ಬರೆದೆ ಎಂದು ಹೇಳು. ಹೇಳಿದ ಮೇಲೆ ನನಗೆ ಬರೆ. ಅಲ್ಲಿಯವರೆಗೆ ಬರೆಯಬೇಡ.

ಕುನ್‌ಜೆಸ್


ಲೇಹ್
19 ಸೆಪ್ಟೆಂಬರ್ 1997

ಪ್ರೀತಿಯ ಅಕ್ಕನಿಗೆ ಗ್ಯಾಲ್ಸನ್ ಮಾಡುವ ಜೂಲೇ.

ಲಾರಿಯ ಛುಲ್ಟಿಮ್ ನಿನ್ನ ಪತ್ರ ಕೊಟ್ಟ. ಕೊಡುವಾಗ ನನ್ನ ಮುಖ ನೋಡಲಿಲ್ಲ. ನೀನು ಅವನಿಗೆ ಬಾಯಲ್ಲೂ ಹೇಳಿ ಕಳಿಸಿದ್ದೀಯ ಎಂದು ಅರ್ಥವಾಯಿತು.

ನಾನು ಸುಳ್ಳು ಬರೆಯಲಿಲ್ಲ. ಆಗ ನನಗೆ ಹತ್ತೊಂಬತ್ತು. ಸರ್ವೆಯವರು ಬಂದಾಗ ಬೇಸಿಗೆ ರಜೆಗೆ ಬೀಡಿಗೆ ಬಂದಿದ್ದೆ, ಹಿಂದಿ ಬರುವವನು ನಾನೊಬ್ಬನೇ. ಅವರು ಕೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿದೆ, ನಮ್ಮವರು ಹೇಳಿದ್ದನ್ನು ಹಿಂದಿಯಲ್ಲಿ ಹೇಳಿದೆ. ಅಷ್ಟೇ. ಹೇಳಿದವರು ಯಾರು ಎಂದು ಕೇಳಬೇಡ. ಹದಿನಾಲ್ಕು ವರ್ಷದ ಹಿಂದಿನ ಮಾತು.

ಈಗ ಆಗಬೇಕಾದ್ದನ್ನು ನೋಡೋಣ. ನವೆಂಬರ್ 18ಕ್ಕೆ ಇಲ್ಲಿ ವಿಚಾರಣೆ ಇಟ್ಟಿದ್ದಾರೆ. ತಕರಾರಿರುವವರು ಬಂದು ಹೇಳಬಹುದು. ಬಾಯಿಮಾತು ನಡೆಯುವುದಿಲ್ಲ, ಲುಂಗ್‌ಮಾರ್ ನಮ್ಮದೆಂದು ತೋರಿಸುವ ಪುರಾವೆ ಬೇಕು. ಹಳೆಯ ರಸೀದಿ, ಕಾಗದ, ಏನಾದರೂ. ಗೋಬಾ ತಾತನ ಪೆಟ್ಟಿಗೆಯಲ್ಲಿ ಹುಡುಕಿಸು.

ಏನೂ ಸಿಗದಿದ್ದರೆ ಮೇಕೆಗಳನ್ನು ಮಾರಿ ಇಲ್ಲಿಗೆ ಬಾ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಬಿಸಿಲು ಬರುತ್ತದೆ. ಚಹಾ ಪುಡಿಯನ್ನೂ ಕಣ್ಣಿನ ಮುಲಾಮನ್ನೂ ಛುಲ್ಟಿಮ್ ಹತ್ತಿರ ಕಳಿಸಿದ್ದೇನೆ.

ನಿನ್ನ ತಮ್ಮ
ಗ್ಯಾಲ್ಸನ್


ಸ್ಪಾಂಗ್‌ಚೆನ್ ಬೀಡು
6 ಅಕ್ಟೋಬರ್ 1997

ಗುಮಾಸ್ತರಿಗೆ,

ಚಹಾ ಪುಡಿ ವಾಪಸು ಬರುತ್ತಿದೆ. ಮುಲಾಮನ್ನು ಕುಂಟು ಮೇಕೆಯ ಗೊರಸಿಗೆ ಹಚ್ಚಿದೆ. ಅದಕ್ಕೂ ಗುಣ ಕಾಣಲಿಲ್ಲ.

ಬಿಸಿಲು ಬರುವ ಕೋಣೆಯಂತೆ! ನನಗೆ ಬಿಸಿಲು ತೋರಿಸಲು ನೀನು ಬೇಕೇ? ಇಲ್ಲಿ ಬಿಸಿಲು ಬಿಟ್ಟರೆ ಬೇರೇನಿದೆ? ಹಳೆಯ ರಸೀದಿಯಂತೆ! ನಮ್ಮ ಅಪ್ಪ ಜನ್ಮದಲ್ಲಿ ಒಂದು ರಸೀದಿ ಇಟ್ಟುಕೊಂಡವನಲ್ಲ. ಕಾಗದ ಹಿಡಿದುಕೊಂಡು ಯಾರೇ ಬಂದರೂ ಏನು ಹೇಳಬೇಕೆಂದು ಅವನು ನಮಗೆ ಹಾಲು ಹಲ್ಲಿನಲ್ಲೇ ಕಲಿಸಿರಲಿಲ್ಲವೇ? ಮೇಕೆ ಎಷ್ಟು? ಇಲ್ಲ. ಯಾಕ್ ಎಷ್ಟು? ಇಲ್ಲ. ಬೆಣ್ಣೆ? ಇಲ್ಲ. ತೆರಿಗೆಯವನು ಗುಡಾರದೊಳಗೆ ಕೂತಿದ್ದಾಗ ಹಿಂದೆ ಇನ್ನೂರು ಮೇಕೆ ಕೂಗುತ್ತಿದ್ದವು, ಅವು ಪಕ್ಕದವರದು ಎಂದಿದ್ದ. ಆ ಪಕ್ಕದವನೂ ಹಾಗೇ ಹೇಳಿದ್ದ. ನಮ್ಮ ಜನ ಬದುಕಿ ಉಳಿದದ್ದೇ ಆ ಒಂದು ಮಾತಿನಿಂದ. ಕಾಗದ ಇಟ್ಟುಕೊಳ್ಳುವವರು ನಿಮ್ಮಂಥವರು.

ಹೇಳಿದವರು ಯಾರು ಎಂದು ಕೇಳಬೇಡ ಎಂದಿದ್ದೀಯ. ಸತ್ತ ಅಪ್ಪನ ತಲೆಗೆ ಕಟ್ಟಲು ನೋಡುತ್ತಿದ್ದೀಯೇನು? ಅವನಲ್ಲ ಎಂದು ನನಗೆ ಗೊತ್ತು. ನಾನೇ ಕೂತು ಯೋಚಿಸಿ ಕಂಡುಹಿಡಿದೆ. ಮೋಟುಪ್! ಆ ವರ್ಷ ಸರ್ವೆಯವರ ಸಾಮಾನು ಹೊರಲು ತನ್ನ ಯಾಕ್ ಕೊಟ್ಟಿದ್ದವನು ಅವನೇ. ಅವರ ಸಿಗರೇಟು ಸೇದಿ, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿರುತ್ತಾನೆ. ಸೋರೆಕಾಯಿಯಂಥ ಮುಖ ಇಟ್ಟುಕೊಂಡು ನಲವತ್ತು ವರ್ಷದಿಂದ ಪಕ್ಕದ ಗುಡಾರದಲ್ಲಿದ್ದಾನೆ.

ನಿನ್ನೆ ಹಾಲು ಕರೆಯುವ ಹೊತ್ತಿಗೆ ಎಲ್ಲರೆದುರಿಗೇ ಕೇಳಿದೆ. ಅವನು ಬಾಯಿ ಬಿಡಲಿಲ್ಲ. ಕಳ್ಳನಲ್ಲದವನು ಸುಮ್ಮನಿರುತ್ತಾನೆಯೇ? ಅವನ ಮೇಕೆಗಳನ್ನು ಸರದಿಯಿಂದ ತೆಗೆದುಹಾಕಿಸಿದ್ದೇನೆ. ಇನ್ನು ಮೇಲೆ ಬೀಡಿನವರಾರೂ ಅವನ ಮೇಕೆ ಕಾಯುವುದಿಲ್ಲ, ಅವನೂ ನಮ್ಮದನ್ನು ಮುಟ್ಟುವ ಹಾಗಿಲ್ಲ. ಅವನ ಹೆಂಡತಿಗೆ ಮಂಡಿ ನೋವು, ಅವನೊಬ್ಬನೇ ದಿನವಿಡೀ ಹಿಂದೆ ಓಡಲಿ.

ಪುರಾವೆ ಬೇಕೆಂದರೆ ನಿನ್ನ ಸಾಹೇಬರು ಲುಂಗ್‌ಮಾರ್‌ನ ನಮ್ಮ ದೊಡ್ಡಿಗೇ ಬಂದು ನೋಡಲಿ. ಬಡಗಣ ಮೂಲೆಯನ್ನು ಅಜ್ಜಿ ಯಾರಿಗೂ ಅಗೆಯಗೊಡುತ್ತಿರಲಿಲ್ಲ, ಉರುವಲಿಗೆ ಬೇರೆ ಕಡೆಯ ಹಿಕ್ಕೆ ತೆಗೆಯಿರಿ, ಮರಿಗಳಿಗೆ ಅಡಿಯಿಂದ ಬೆಚ್ಚಗಿರಲಿ ಎನ್ನುತ್ತಿದ್ದಳು. ಬಂದು ಆ ಮೂಲೆಯಲ್ಲಿ ಒಂದು ಜನವರಿ ತಿಂಗಳು ಮಲಗಲಿ. ಆಗ ಯಾರದೆಂದು ತಿಳಿಯುತ್ತದೆ.

ಕುನ್‌ಜೆಸ್


ಲೇಹ್
17 ಅಕ್ಟೋಬರ್ 1997

ಅಕ್ಕಾ,

ಮೋಟುಪ್‌ನನ್ನು ಬಿಡು. ಈ ಪತ್ರ ಓದಿದ ಕೂಡಲೇ ಅವನ ಮೇಕೆಗಳನ್ನು ಸರದಿಗೆ ಸೇರಿಸು.

ಇದರ ಜೊತೆಗೆ ಹಳೆಯ ಹೇಳಿಕೆಯ ನಕಲು ಇಟ್ಟಿದ್ದೇನೆ. ಹಿಂದಿಯಲ್ಲಿದೆ, ನಿನಗೆ ಓದಲು ಬಾರದು. ಕೆಳಗೆ ನಮ್ಮ ಅಕ್ಷರದಲ್ಲಿ ಒಂದು ಸಹಿ ಇದೆ, ಅದನ್ನು ಓದಬಲ್ಲೆ. ಆ ಅಕ್ಷರ ಕಲಿಸಿದ ಚಿಕ್ಕಪ್ಪ ಲಾಮಾ ಇದ್ದಿದ್ದರೆ ತಾನೂ ಗುರುತು ಹಿಡಿಯುತ್ತಿದ್ದ.

ನೆನಪು ಮಾಡಿಕೋ. ನೀಲಿ ಟೋಪಿಯ ದಪ್ಪ ಸಾಹೇಬ ನಮ್ಮ ಗುಡಾರದಲ್ಲಿ ಕೂತಿದ್ದ. ಅಪ್ಪನಿಗೆ ಕೆಮ್ಮು, ಹಾಗಾಗಿ ನೀನು ಮಾತಾಡಿದೆ. ಮೋಟುಪ್ ಹಗ್ಗ ಕೇಳಲು ಬಂದವನು ಬಾಗಿಲ ಹತ್ತಿರ ನಿಂತಿದ್ದ. ಸಾಹೇಬ ಕೇಳಿದ, "ಚಳಿಗಾಲದಲ್ಲಿ ಹಳ್ಳದ ಆಚೆ ಹೋಗ್ತೀರಾ?" ನೀನು ಅಂದೆ, "ಆಚೆನಾ? ಅಯ್ಯೋ, ನಾವ್ಯಾಕೆ ಹೋಗೋಣ? ನಮ್ಮಜ್ಜನೂ ಹೋಗಿಲ್ಲ. ಅಲ್ಲಿ ಹುಲ್ಲೇ ಇಲ್ಲ, ಬರೀ ಕಲ್ಲು. ನಮ್ಹತ್ರ ಮೇಕೆನೇ ಇಲ್ಲ ಸಾಹೇಬ್ರೇ, ಇನ್ನು ಮೇಯಿಸೋದೇನ್ ಬಂತು?"

ನಾನು ಹಿಂದಿಯಲ್ಲಿ ಹೇಳುವ ಮೊದಲು ನಿನ್ನ ಮುಖ ನೋಡಿದೆ. ನೀನು ಕಣ್ಣು ಮಿಟುಕಿಸಿದೆ. ನನಗೂ ಖುಷಿಯಾಯಿತು, ಒಂದಕ್ಷರ ಬಿಡದೆ ಹೇಳಿದೆ. ಅವರ ಜೀಪು ಹೋದ ಮೇಲೆ ಅಪ್ಪ ಕೆಮ್ಮು ಬರುವ ತನಕ ನಕ್ಕ. ಸಾಹೇಬನ ಕಿವಿಗೆ ಒಳ್ಳೇ ಹೂವಿಟ್ಟೆ ಮಗಳೇ ಎಂದ.

ನಿನಗೆ ಮರೆತಿದೆ. ಮರೆಯದೇ ಏನು, ಅಂಥ 'ಇಲ್ಲ' ನೀನು ಎಷ್ಟು ಹೇಳಿದ್ದೀಯೋ! ನಾನು ಮರೆಯಲಾರೆ, ಏಕೆಂದರೆ ಆ ಕಾಗದ ಇರುವ ಕಚೇರಿಯಲ್ಲೇ ನನಗೆ ಕೆಲಸ. ಹುಕುಂ ಹೊರಡುತ್ತದೆ ಎಂದು ತಿಳಿದ ದಿನದಿಂದ ನನಗೆ ನಿದ್ದೆಯಿಲ್ಲ. ನೀನು ಉಗಿಯಲು ಒಂದು ಮುಖ ಬೇಕಿತ್ತು. ನನ್ನದು ಹೇಗೂ ನಿನ್ನ ಕಣ್ಣಿಗೆ ಅದಕ್ಕೆಂದೇ ಇದೆ, ಇರಲಿ ಎಂದು ಸುಮ್ಮನಿದ್ದೆ. ಮೋಟುಪ್‌ನ ಮುಖವನ್ನೂ ಅದಕ್ಕೆ ಬಳಸುತ್ತೀಯ ಎಂದುಕೊಂಡಿರಲಿಲ್ಲ.

ಲೋಕದಲ್ಲಿ ನೀನೊಬ್ಬಳೇ ನೆಟ್ಟಗಿರುವವಳು ಎಂದು ನಲವತ್ತು ವರ್ಷ ಬದುಕಿದೆಯಲ್ಲ, ಸಾಕು.

ಗ್ಯಾಲ್ಸನ್


ಲೇಹ್
2 ನವೆಂಬರ್ 1997

ಅಕ್ಕಾ,

ಛುಲ್ಟಿಮ್ ಎರಡು ಸಲ ಬರಿಗೈಯಲ್ಲಿ ಬಂದ. ಕುನ್‌ಜೆಸ್ ಏನಂದಳು ಎಂದು ಕೇಳಿದರೆ ಏನೂ ಅನ್ನಲಿಲ್ಲ ಎನ್ನುತ್ತಾನೆ. ನೀನು ಏನೂ ಅನ್ನಲಿಲ್ಲವೆಂದರೆ ನನಗೆ ಹೆದರಿಕೆ.

ಕಳೆದ ಸಲ ಬರೆದದ್ದು ಹೆಚ್ಚಾಯಿತು. ಕೊನೆಯ ಸಾಲನ್ನು ಹರಿದುಹಾಕು.

ನಾನೊಂದು ದಾರಿ ಯೋಚಿಸಿದ್ದೇನೆ. ವಿಚಾರಣೆಯ ದಿನ ನಾನೇ ನಿಂತು, ಆಗ ನನಗೆ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ, 'ಹೌದು' ಎಂದದ್ದನ್ನು 'ಇಲ್ಲ' ಎಂದು ಹೇಳಿಬಿಟ್ಟೆ ಎಂದು ಬರೆದುಕೊಡುತ್ತೇನೆ. ಕೆಲಸ ಹೋಗಬಹುದು. ಹೋದರೆ ಹೋಗಲಿ, ಜಲ್ಲಿ ಒಡೆಯಲು ಇಬ್ಬರಾಗುತ್ತೇವೆ. ನೀನು ಬರುವುದೇ ಬೇಡ. ಹೂಂ ಎಂದು ಒಂದು ಮಾತು ಬರೆದು ಕಳಿಸು.

ಗ್ಯಾಲ್ಸನ್


ಸ್ಪಾಂಗ್‌ಚೆನ್ ಬೀಡು
10 ನವೆಂಬರ್ 1997

ಗ್ಯಾಲ್ಸನ್,

ಹೂಂ ಅನ್ನುವುದಿಲ್ಲ. ನನ್ನ ಸುಳ್ಳಿನ ಮೇಲೆ ನಿನ್ನ ಸುಳ್ಳು ಹೊದಿಸಲು ಬರಬೇಡ. ಮನೆಗೊಬ್ಬರು ಮೂರ್ಖರಿದ್ದರೆ ಸಾಕು, ಆ ಜಾಗದಲ್ಲಿ ನಾನು ಕೂತಾಗಿದೆ.

ಸಹಿ ನನ್ನದೇ. ಬಾಲ ಮೇಲಕ್ಕೆ ಎಳೆದು ಬರೆಯುತ್ತಿದ್ದೆ, ದೊಡ್ಡ ಪಂಡಿತಳ ಹಾಗೆ. ಆ ಕಾಗದವನ್ನು ಮಡಚಿಟ್ಟೆ, ಬಿಚ್ಚಿದೆ, ಮತ್ತೆ ಮಡಚಿಟ್ಟೆ. ಎಂಟು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನನಗೆ ಜ್ವರವೆಂದು ಗೋಬಾ ತಾತ ಲಾಮಾಗೆ ಹೇಳಿಕಳಿಸಿದನಂತೆ.

ಒಂಬತ್ತನೆಯ ದಿನ ಮೋಟುಪ್‌ನ ಗುಡಾರಕ್ಕೆ ಹೋದೆ. "ಮೋಟುಪ್, ಅದು ನೀನಲ್ಲ, ನಾನು," ಎಂದೆ. ಅವನು ಉಣ್ಣೆ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. "ಗೊತ್ತು. ನಾನೂ ಅಲ್ಲೇ ಇದ್ನಲ್ಲ," ಎಂದ. ನನಗೆ ರೇಗಿಹೋಯಿತು. "ಹಾಗಾದ್ರೆ ಅವತ್ತು ಎಲ್ಲರೆದುರಿಗೆ ಯಾಕೆ ಬಾಯಿ ಬಿಡ್ಲಿಲ್ಲ, ಕತ್ತೆ?" ಎಂದೆ. "ನೀನು ಮಾತಾಡ್ತಿರೋವಾಗ ಬೇರೆಯವರ ಮಾತಿಗೆ ಜಾಗ ಎಲ್ಲಿರುತ್ತೆ, ಕುನ್‌ಜೆಸ್?" ಎಂದ. ಅವನ ಹೆಂಡತಿ ನನಗೆ ಚಹಾ ಕೊಟ್ಟಳು. ಬೆಣ್ಣೆ ಬೇಕೆಂದೇ ಕಡಿಮೆ ಹಾಕಿದ್ದಳು. ಕುಡಿದೆ. ಅವಳ ಮಂಡಿ ವಾಸಿಯಾಗುವ ತನಕ ಅವರ ಮೇಕೆ ನಾನೇ ಕಾಯುತ್ತೇನೆಂದು ಹೇಳಿ ಬಂದಿದ್ದೇನೆ.

ಮೊನ್ನೆ ಒಬ್ಬಳೇ ಕುದುರೆ ಹತ್ತಿ ಹಳ್ಳ ದಾಟಿದೆ. ನಡುವೆ ಇನ್ನೂ ನೀರಿತ್ತು, ಮೊಣಕಾಲಿನ ತನಕ ಒದ್ದೆ. ನಮ್ಮ ಕಡೆಯ ಸಿಪಾಯಿಗಳು ಕೂಗಿ ಕೇಳಿದರು, "ಅಮ್ಮಾ, ಎಲ್ಲಿಗೆ?" "ಹಿಕ್ಕೆ ತರೋಕೆ," ಎಂದೆ. ನಕ್ಕು ಬಿಟ್ಟುಬಿಟ್ಟರು. ಆ ಕಡೆಯ ಸಿಪಾಯಿಗಳು ಗುಡ್ಡದ ಮೇಲಿಂದ ದುರ್ಬೀನು ಹಿಡಿದು ನೋಡುತ್ತಿದ್ದರು. ಎರಡು ದೊಡ್ಡ ದೇಶಗಳು ಉಸಿರು ಬಿಗಿಹಿಡಿದು ಒಬ್ಬ ಹೆಂಗಸು ಮೇಕೆ ಹಿಕ್ಕೆ ಅಗೆಯುವುದನ್ನು ನೋಡಿದವು. ಬೇರೆ ಕೆಲಸವಿಲ್ಲದ ಜನ.

16ಕ್ಕೆ ಛುಲ್ಟಿಮ್‌ನ ಲಾರಿಯಲ್ಲಿ ಬರುತ್ತೇನೆ. ಒಂದು ಗೋಣಿಚೀಲ ತರುತ್ತೇನೆ. ನಿನ್ನ ಬಿಸಿಲಿನ ಕೋಣೆಯಲ್ಲಿ ಅದಕ್ಕೆ ಜಾಗ ಮಾಡು, ಒದ್ದೆ ಮಾಡಬೇಡ, ಒಡೆಯಬೇಡ.

ಕುನ್‌ಜೆಸ್


ಲೇಹ್
19 ನವೆಂಬರ್ 1997

ಮೋಟುಪ್‌ಗೆ ಕುನ್‌ಜೆಸ್‌ಳ ಜೂಲೇ.

ಇದನ್ನು ಗೋಬಾ ತಾತನಿಗೂ ಉಳಿದವರಿಗೂ ಓದಿ ಹೇಳು. ಗಟ್ಟಿಯಾಗಿ ಓದು, ಈಗ ನಿನ್ನ ಮಾತಿಗೆ ಬೇಕಾದಷ್ಟು ಜಾಗವಿದೆ.

ನಿನ್ನೆ ಬೆಳಿಗ್ಗೆ ವಿಚಾರಣೆಗೆ ಹೋದೆವು. ಸಾಹೇಬ ಎಳೆಯವನು, ಕುತ್ತಿಗೆಗೆ ಮೂರು ಸುತ್ತು ಮಫ್ಲರ್ ಸುತ್ತಿಕೊಂಡಿದ್ದ, ಪಕ್ಕದಲ್ಲಿ ಉರಿಯುವ ಒಲೆ ಬೇರೆ. ನನ್ನ ಮಾತನ್ನು ಹಿಂದಿಗೆ ತಿರುಗಿಸಲು ಗ್ಯಾಲ್ಸನ್‌ನನ್ನೇ ಕೂರಿಸಿದರು. ಸಾಹೇಬ ಹಳೆಯ ಹೇಳಿಕೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳಿದ, "ಈ ಸಹಿ ಯಾರದು?"

"ನನ್ನದು."

"ಇದರಲ್ಲಿರೋದು ನಿಜಾನಾ?"

"ಸುಳ್ಳು. ಅವತ್ತು ಸುಳ್ಳು ಹೇಳಿದೆ."

ಗ್ಯಾಲ್ಸನ್ ಹಿಂದಿಯಲ್ಲಿ ಹೇಳದೆ ನನ್ನ ಮುಖ ನೋಡಿದ, ಅವತ್ತಿನ ಹಾಗೆಯೇ. ನಾನು ಕಣ್ಣು ಮಿಟುಕಿಸಲಿಲ್ಲ. "ಹೇಳೋ, ಇದ್ದದ್ದನ್ನ ಇದ್ದ ಹಾಗೆ ಹೇಳು," ಎಂದೆ. ಹೇಳಿದ. ನನ್ನ ಒಳಗೆ ಏನಾಯಿತು ಎಂಬುದನ್ನು ನಿನಗೆ ಬರೆಯಬೇಕಾಗಿಲ್ಲ.

ಸಾಹೇಬ ಒರಗಿ ಕೂತ. "ಅವತ್ತು ಸುಳ್ಳು ಹೇಳಿದವಳು ಇವತ್ತು ನಿಜ ಹೇಳ್ತಿದೀಯ ಅಂತ ಹೇಗೆ ನಂಬೋದು?"

ಅಲ್ಲಿದ್ದ ಬೇರೆ ಗುಮಾಸ್ತರು ಹಲ್ಲು ಕಿರಿದರು. ಮೋಟುಪ್, ನಾನು ಇಷ್ಟು ವರ್ಷ ಜನರನ್ನು ಯಾವ ಕಣ್ಣಿನಿಂದ ನೋಡುತ್ತಿದ್ದೆನೋ ಅದೇ ಕಣ್ಣಿನಿಂದ ಸಾಹೇಬ ನನ್ನನ್ನು ನೋಡುತ್ತಿದ್ದ. ಹಾಗೆ ನೋಡಿಸಿಕೊಳ್ಳುವುದು ಚೆನ್ನಾಗಿರುವುದಿಲ್ಲ.

"ನಂಬಬೇಡಿ. ನನ್ನನ್ನ ನಂಬಿ ಅಂತ ಯಾರು ಹೇಳಿದ್ರು? ಇದನ್ನ ನೋಡಿ," ಎಂದು ಗೋಣಿಚೀಲವನ್ನು ಎತ್ತಿ ಅವನ ಮೇಜಿನ ಮೇಲಿಟ್ಟು ಬಿಚ್ಚಿದೆ. ಬಡಗಣ ಮೂಲೆಯಿಂದ ಕತ್ತರಿಸಿ ತಂದ ಹಿಕ್ಕೆಯ ಹೆಂಟೆ, ಮೊಳಕ್ಕಿಂತ ಹೆಚ್ಚು ದಪ್ಪ. ಸಾಹೇಬ ಮಫ್ಲರನ್ನು ಮೂಗಿಗೆ ಎಳೆದುಕೊಂಡ. "ಏನಿದು? ತೆಗೀರಿ ಇದನ್ನ!"

"ಮೇಕೆ ಹಿಕ್ಕೆ ಸಾಹೇಬ್ರೇ. ಕಚೇರಿಯಲ್ಲಿ ಸಿಗಲ್ಲ. ಬದೀನ ನೋಡಿ. ಕಪ್ಪು ಪದರ ನಾವು ಇದ್ದ ಚಳಿಗಾಲದ್ದು. ಅದರ ಮೇಲಿನ ಬಿಳಿ ಮರಳು ನಾವಿಲ್ಲದ ಬೇಸಿಗೇಲಿ ಗಾಳಿ ತಂದು ಸುರಿದದ್ದು. ಮತ್ತೆ ಕಪ್ಪು, ಮತ್ತೆ ಬಿಳಿ. ನಿಮಗೆ ಲೆಕ್ಕ ಬರುತ್ತಲ್ಲ, ನೋಡಿ ಹೇಳಿ. ಇದನ್ನ ಯಾರೂ ಒಂದು ದಿನದಲ್ಲಿ ಕೂತು ಬರೆಯೋಕಾಗಲ್ಲ."

ಅವನು ಬಗ್ಗಿ ನೋಡಿದ. ಆಮೇಲೆ ಪೆನ್ಸಿಲಿನ ತುದಿಯಿಂದ ಒಂದೊಂದೇ ಪದರ ಮುಟ್ಟುತ್ತಾ ಹೋದ. ಮೂಗಿನ ಮೇಲಿನ ಮಫ್ಲರು ಯಾವಾಗ ಜಾರಿತೋ ಅವನಿಗೇ ತಿಳಿಯಲಿಲ್ಲ. ಐವತ್ತರ ಹತ್ತಿರ ನಿಲ್ಲಿಸಿದ, ಇನ್ನೂ ಕೆಳಗೆ ಉಳಿದಿತ್ತು. 1983ರ ಪದರ ಯಾವುದು ಎಂದು ಕೇಳಿದ. ಮೇಲಿಂದ ಹದಿನಾಲ್ಕನೆಯದನ್ನು ಬೆರಳಿಟ್ಟು ತೋರಿಸಿದೆ. ಉಳಿದವುಗಳಷ್ಟೇ ಕಪ್ಪಗಿತ್ತು.

ಹೊಸ ಹೇಳಿಕೆ ಬರೆಸಿಕೊಂಡರು. ಹಿಂದೆ ಸುಳ್ಳು ಹೇಳಿದ್ದೆ ಎಂಬುದನ್ನೂ ಅದರಲ್ಲಿ ಬರೆಯಲು ಹೇಳಿದೆ. ಬೇಡ ಬಿಡಮ್ಮ ಎಂದ. ಬರೆಯಲೇಬೇಕೆಂದೆ, ಬರೆದ. ಈ ಚಳಿಗಾಲಕ್ಕೆ ಹುಕುಂ ನಿಲ್ಲಿಸಿದ್ದಾರೆ. ಪೂರ್ತಿ ರದ್ದು ಮಾಡುವುದು ಅವನ ಕೈಯಲ್ಲಿಲ್ಲವಂತೆ, ಮೇಲಿನವರು ನೋಡಬೇಕಂತೆ. ಮೇಲಿನವರಿಗೆ ಮೇಲಿನವರು ಇದ್ದೇ ಇರುತ್ತಾರೆ. ಹೆಂಟೆಯನ್ನು ಫೈಲಿನ ಜೊತೆ ಇಟ್ಟುಕೊಂಡಿದ್ದಾನೆ. ಚಳಿ ಹೆಚ್ಚಾದರೆ ಒಲೆಗೆ ಹಾಕಬೇಡಿ, ಅದು ನಮ್ಮ ಕಾಗದ ಎಂದು ಹೇಳಿ ಬಂದೆ.

ಡಿಸೆಂಬರಿನಲ್ಲಿ ಎಲ್ಲರೂ ದಾಟೋಣ. ಮೊದಲ ಸರದಿ ನನ್ನದು. ನಿನ್ನ ಹೆಂಡತಿಗೆ ಹೇಳು, ಮುಂದಿನ ಸಲ ಚಹಾಕ್ಕೆ ಬೆಣ್ಣೆ ಸರಿಯಾಗಿ ಹಾಕಲಿ.

ಕುನ್‌ಜೆಸ್


ಲುಂಗ್‌ಮಾರ್
21 ಡಿಸೆಂಬರ್ 1997

ನನ್ನ ತಮ್ಮ ಗ್ಯಾಲ್ಸನ್‌ಗೆ,

ದಾಟಿ ಹತ್ತು ದಿನವಾಯಿತು. ಕುಂಟು ಮೇಕೆಯೂ ದಾಟಿತು. ಬಡಗಣ ಮೂಲೆಯಲ್ಲಿ ನಾನು ಅಗೆದ ಗುಂಡಿ ಹಾಗೇ ಇದೆ, ನೋಡಿದಾಗಲೆಲ್ಲ ಅಜ್ಜಿ ಬೈದ ಹಾಗಾಗುತ್ತದೆ. ಮರಿಗಳು ಹುಟ್ಟುವುದರೊಳಗೆ ತುಂಬಬೇಕು.

ನಿನ್ನ ಕೊನೆಯ ಸಾಲನ್ನು ಹರಿದುಹಾಕಲಿಲ್ಲ. ಸಹಿಯ ಜೊತೆಗೇ ಮಡಚಿ ಇಟ್ಟುಕೊಂಡಿದ್ದೇನೆ. ನಾನು ವಾಪಸು ಕಳಿಸಿದ ಚಹಾ ಪುಡಿ ಇನ್ನೂ ಇದ್ದರೆ ಛುಲ್ಟಿಮ್ ಹತ್ತಿರ ಕೊಟ್ಟುಕಳಿಸು. ಇಲ್ಲಿಯದು ಮುಗಿಯುತ್ತಾ ಬಂತು.

ನಿನ್ನೆ ಮಧ್ಯಾಹ್ನ ಆ ಕಡೆಯ ಗುಡ್ಡದಿಂದ ಮೂವರು ಇಳಿದು ಬಂದರು. ಇಬ್ಬರು ಸಿಪಾಯಿಗಳು. ಮೂರನೆಯವನಿಗೆ ಸಮವಸ್ತ್ರವಿದ್ದರೂ ಕೆನ್ನೆ ಗಾಳಿಗೆ ಒಡೆದಿತ್ತು, ಮೇಕೆ ಮೇಯಿಸಿ ಬೆಳೆದವನೆಂದು ನೋಡಿದ ಕೂಡಲೇ ತಿಳಿಯಿತು. ಅವರ ಕೈಯಲ್ಲೂ ಕಾಗದ. ಸಿಪಾಯಿಗಳಲ್ಲಿ ದೊಡ್ಡವನು ಅವರ ಭಾಷೆಯಲ್ಲಿ ಏನೋ ಅಂದ. ಒಡೆದ ಕೆನ್ನೆಯವನು ನಮ್ಮ ಮಾತಿನಲ್ಲೇ ಕೇಳಿದ, "ಅಕ್ಕಾ, ನೀವು ಇಲ್ಲಿ ಮೇಯಿಸ್ತೀರಾ?"

ನಿಜ ಹೇಳುತ್ತೇನೆ, 'ಇಲ್ಲ' ಎಂಬುದು ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಮೋಟುಪ್ ನನ್ನ ಹಿಂದೆಯೇ ನಿಂತಿದ್ದ.

"ಹೌದು, ಮೇಯಿಸ್ತೀವಿ," ಎಂದೆ. "ನಮ್ಮಜ್ಜಿಯ ಅಜ್ಜಿಯೂ ಮೇಯಿಸಿದ್ಲು. ಬರ್ಕೋ."

ಅವನು ತನ್ನ ಸಾಹೇಬನಿಗೆ ಹೇಳುವ ಮೊದಲು ನನ್ನ ಮುಖ ನೋಡಿದ, ಗ್ಯಾಲ್ಸನ್, ನಿನ್ನ ಹಾಗೆಯೇ. ನಾನು ನೇರ ಅವನ ಕಣ್ಣನ್ನೇ ನೋಡಿದೆ. ಅವನು ತಲೆ ತಗ್ಗಿಸಿ ಬರೆದುಕೊಂಡ. ಆಮೇಲೆ ಹೆಸರು ಕೇಳಿದ, ಹೇಳಿದೆ.

ನಿನ್ನ ಅಕ್ಕ
ಕುನ್‌ಜೆಸ್